ಹಳೇ ತಾರೀಕಿನ ಫೋಲ್ಡರ್

ಹವಾನಾ,
ಮಾರ್ಚ್ ೧೦, ೨೦೧೯

ಪ್ರೀತಿಯ ಮಿರೆಲಿಸ್,

ಎರಡು ತಿಂಗಳಿಂದ ನನ್ನ ಕಾಗದವಿಲ್ಲ, ಕರೆಯಿಲ್ಲ. ಬೈದುಕೊಂಡಿರುತ್ತೀಯ, ಬೈಯುವಷ್ಟಾದರೂ ನೆನಪಿದೆಯಲ್ಲ ಅಂತ ಸಮಾಧಾನ. ಈ ಪ್ರಕರಣಕ್ಕೆ ತಗುಲಿದ ಖರ್ಚು ಮೊದಲು ಹೇಳಿಬಿಡುತ್ತೇನೆ: ಡಿಸ್ಕ್ ರಿಪೇರಿಯವನಿಗೆ ಒಂದು ಡಬ್ಬಿ ಕಾಫಿಪುಡಿ, ಇನ್ನೊಬ್ಬ ರಿಪೇರಿಯವನಿಗೆ ನನ್ನ ಫ್ಯಾನು, ನಿನ್ನ ತಮ್ಮನ ಜೊತೆ ಮಾತು ಬಿಟ್ಟಿದ್ದು, ಮತ್ತೆ ನಿನ್ನ ದನಿ.

ಮಾಂಟೆವಿಡಿಯೊದಿಂದ ನೀನು ನಿನ್ನ ಮಾತು ರೆಕಾರ್ಡ್ ಮಾಡಿ, ಇಲ್ಲಿಗೆ ಬರುತ್ತಿದ್ದ ನರ್ಸಮ್ಮನ ಕೈಲಿ ಕಳಿಸಿದ ಡಿಸ್ಕ್ ಬಂದಾಗ ನಾನು ಮನೆಯಲ್ಲಿರಲಿಲ್ಲ. ನಿನ್ನ ತಮ್ಮ ಲಾಸಾರೊ ಇಸಕೊಂಡ. ಫೋಲ್ಡರಿಗೆ ನೀನು ನಮ್ಮ ಮದುವೆಯ ತಾರೀಕು ಹಾಕಿದ್ದೆಯಂತೆ. ನಮ್ಮ ಕಸುಬು ನಿನಗೆ ಗೊತ್ತೇ ಇದೆ: ವಾರದ ಧಾರಾವಾಹಿ, ಸಿನಿಮಾ, ಹಾಡು ಡಿಸ್ಕಿಗೆ ತುಂಬಿ ಮನೆಮನೆಗೆ ಹಂಚುವುದು, ಹಳೇ ತಾರೀಕು ಕಂಡರೆ ಅಳಿಸಿ ಹೊಸದು ತುಂಬುವುದು. ಅವನೂ ಅದನ್ನೇ ಮಾಡಿದ.

"ಭಾವ, ಹನ್ನೊಂದು ವರ್ಷದ ಹಳೇ ಸರಕು ಅಂದ್ಕೊಂಡೆ," ಅಂದ.

"ಮದುವೆ ಅಂದ್ರೆ ಹಳೇ ಸರಕೇ ಕಣೋ. ಹಾಗಂತ ಅದರ ಮೇಲೆ ಟರ್ಕಿ ಧಾರಾವಾಹಿ ತುಂಬ್ತಾರೇನೋ?" ಅಂದೆ.

ಬರೀ ಅಳಿಸಿದ್ದರೆ ಮರಳಿ ತೆಗೆಯಬಹುದಿತ್ತಂತೆ. ಮೇಲೆ ಬೇರೆಯದು ಕೂತಮೇಲೆ ಆಗದಂತೆ.

ಮೇಲ್ಮನೆಯ ಪ್ರೊಫೆಸರ್ ಎವೆಲಿಯೊ ಸಮಾಧಾನ ಹೇಳಲು ಬಂದರು. ಇನ್ನು ಮುಂದೆ ಎಲ್ಲವನ್ನೂ ಗಾಜಿನ ಬಿಲ್ಲೆಯೊಳಗೆ ಬೆಳಕಿನಲ್ಲಿ ಕೊರೆದಿಡುತ್ತಾರಂತೆ. ಬೆಂಕಿಗೂ ನೀರಿಗೂ ಜಗ್ಗದೆ ಹತ್ತು ಸಾವಿರ ವರ್ಷ ಇರುತ್ತದಂತೆ. ಒಮ್ಮೆ ಬರೆದರೆ ಯಾರೂ ಅಳಿಸಲಾಗದಂತೆ.

"ಅಳಿಸೋಕಾಗಲ್ವಾ? ಹಾಗಾದ್ರೆ ನನ್ನ ಗಂಡ ಕೊಟ್ಟ ಮಾತನ್ನೆಲ್ಲ ಅದರಲ್ಲಿ ಹಾಕಿಕೊಡಿ ಪ್ರೊಫೆಸರ್ರೇ," ಅಂದಳು ಕೆಳಮನೆಯ ಸೊರೈಡಾ.

"ಅದು ಹವಾನಾಕ್ಕೆ ಯಾವಾಗ ಬರುತ್ತೆ?" ಅಂತ ನಾನು ಕೇಳಿದೆ.

"ನಾವಿಬ್ಬರೂ ಹೋದ್ಮೇಲೆ," ಅಂದರು ಪ್ರೊಫೆಸರ್.

ಹತ್ತು ಸಾವಿರ ವರ್ಷ ಯಾರಿಗೆ ಬೇಕು, ಮಿರೆಲಿಸ್. ಬಾಲ್ಕನಿಯಲ್ಲಿ ಕೂತು ಒಂದೇ ಒಂದು ಸಲ ಕೇಳಿದ್ದರೆ ನನಗೆ ಸಾಕಿತ್ತು. "ವಾಪಸ್ ಬರ್ತೀನೋ ಇಲ್ವೋ ಆ ಡಿಸ್ಕಲ್ಲೇ ಹೇಳಿದೀನಿ. ಫೋನಲ್ಲಿ ಕೇಳಬೇಡ, ಇನ್ನೊಂದ್ಸಲ ಹೇಳೋ ಧೈರ್ಯ ನನಗಿಲ್ಲ," ಅಂದಿದ್ದೆಯಲ್ಲ. ಅದಕ್ಕೇ ಕರೆ ಮಾಡಲಿಲ್ಲ.

ಗಿರಾಕಿಗಳ ಡಿಸ್ಕ್ ತುಂಬುತ್ತ ಕೂತಾಗ, ಮಾತು ಶುರುಮಾಡುವ ಮೊದಲು ನೀನು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತದೆ. ಅಲ್ಲಿಯವರೆಗೆ ಸ್ಪಷ್ಟ. ಮುಂದಿನ ಮಾತು ಬರುವುದಿಲ್ಲ.

ನಮಗಿಲ್ಲಿ ಸೆಕೆ ಏರುವಾಗ ನಿಮ್ಮಲ್ಲಿ ಚಳಿ ಶುರುವಾಗುತ್ತದೆ, ಬೆಚ್ಚಗಿರು. ಕೋಬ್ರೆಯ ಮೇರಿತಾಯಿ ನಿನ್ನ ಕೈಬಿಡದಿರಲಿ.

ನಿನ್ನ
ಎಲಾದಿಯೊ

ತಾ.ಕ.: "ಹುಡುಗಿ ಏನಂದ್ಳಪ್ಪಾ?" ಅಂತ ಅತ್ತೆ ಕೇಳಿದರು. ಅವರ ಮುಖ ನೋಡಿ "ಬರ್ತಾಳಂತೆ" ಅಂದುಬಿಟ್ಟೆ. ಈಗ ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ನೀನು ಹೇಳಿದ್ದು ಏನೇ ಇರಲಿ, ಇನ್ನೊಂದು ಸಲ ಹೇಳು. ಸದ್ಯಕ್ಕೆ ಯಾರಿಗೇನು ಸಿಕ್ಕಿತು ಅಂದರೆ: ಸೊರೈಡಾಗೆ ಧಾರಾವಾಹಿ, ನಿನ್ನೆಯಿಂದ ಲಾಸಾರೊಗೆ ಕ್ಷಮೆ, ಅತ್ತೆಗೆ ನಿದ್ದೆ. ನನಗೆ ಬರುತ್ತೀಯ ಅಂತಲೂ ಇಲ್ಲ, ಬರಲ್ಲ ಅಂತಲೂ ಇಲ್ಲ.