ಕಳಚಿಟ್ಟ ವೈರು

ಮುಲುಂಡ್, ಶುಕ್ರವಾರ

ಭಾನುವಾರದ ಎಂಜಿನ್ ರಿಪೇರಿ ತರಗತಿಯ ಗೆಳೆಯರಿಗೆ ನಮಸ್ಕಾರ. ನಮಗೆ ಹಾಲ್ ಬಿಟ್ಟುಕೊಟ್ಟ ಸಂಘದ ಹಿರಿಯರಿಗೆ ಕೃತಜ್ಞತೆಗಳು.

ಕಳೆದ ವಾರ ಹಿರಿಯರೆದುರು ಓಡಿಸಿ ತೋರಿಸಲು ಹೊರಟಾಗ ನಮ್ಮ ಜನರೇಟರಿನ ಪ್ಲಗ್ಗಿನಲ್ಲಿ ಕಿಡಿ ಬರಲಿಲ್ಲ. ನಿಮ್ಮ ಜೊತೆ ಕಲಿಯುವ ಶರಣಬಸಪ್ಪ ಐದೇ ನಿಮಿಷದಲ್ಲಿ ಚಾಲೂ ಮಾಡಿದಾಗ ಮೊದಲು ಚಪ್ಪಾಳೆ ತಟ್ಟಿದವನು ನಾನು. ನನ್ನ ಮಾತಿನ ಮೇಲೆ ಒಂದು ಹೌಸಿಂಗ್ ಸೊಸೈಟಿ ಅವನಿಗೆ ಮೆಕ್ಯಾನಿಕ್ ಕೆಲಸವನ್ನೂ ಕೊಟ್ಟಿತು.

ಸೋಮವಾರ ನಮ್ಮ ಜನರೇಟರಿನ ಆ ಎಂಜಿನ್ ಓಡುತ್ತಲೇ ಜಾಮ್ ಆಯಿತು. ಒಳಗೆ ಆಯಿಲ್ ಇರಲಿಲ್ಲ. ಆಯಿಲ್ ಕಡಿಮೆಯಾದರೆ ಕಿಡಿಯನ್ನು ತಡೆದು ಎಂಜಿನ್ನನ್ನು ಕಾಯುವ ವೈರನ್ನು ಯಾರೋ ಕಳಚಿ, ಟೇಪ್ ಸುತ್ತಿ ಅಡಗಿಸಿದ್ದರು.

"ನಾನ ತೆಗ್ದಿದ್ದೆರೀ ಸರ್," ಎಂದ ಶರಣಬಸಪ್ಪ. "ಆಯಿಲ್ ತರಾಕ ಹೋಗಿದ್ರ ಹಿರ್ಯಾರು ಎದ್ದು ಹೋಗ್ತಿದ್ರು. ನಮ್ ಕ್ಲಾಸಿನವ್ರಿಗೆಲ್ಲಾ ಗೊತ್ತಿತ್ತಲ್ರೀ!"

ನಾನು ಚಪ್ಪಾಳೆ ತಟ್ಟುವಾಗ ನೀವೆಲ್ಲ ನಕ್ಕಿದ್ದಿರಿ. ಸಂತೋಷದ ನಗುವೆಂದು ತಿಳಿದಿದ್ದೆ.

ಸೊಸೈಟಿಯವರಿಗೆ ನಡೆದದ್ದನ್ನು ಬರೆದು ತಿಳಿಸಿ, ಒಂದು ತಿಂಗಳ ಅವಕಾಶ ಕೇಳಿಕೊಂಡಿದ್ದೇನೆ. ಅಷ್ಟರೊಳಗೆ ಶರಣಬಸಪ್ಪ ಈ ಎಂಜಿನ್ನನ್ನು ಸರಿಪಡಿಸಿದರೆ ಮಾತ್ರ ಆ ಕೆಲಸ ಅವನದು. ಹಾಲ್‌ನ ಕೀಲಿ ವಾಚ್‌ಮನ್ ಬಳಿ ಇದೆ. ಭಾನುವಾರ ನನಗಾಗಿ ಕಾಯಬೇಡಿ. ಸಿಲಿಂಡರನ್ನು ಅವನೇ ಬಿಚ್ಚಲಿ, ನೀವೆಲ್ಲ ಜೊತೆಗೆ ನಿಲ್ಲಿ. ಕೆಲಸ ಶುರು ಮಾಡಿ.

ಇತಿ,
ಸತ್ಯಮೂರ್ತಿ