ದಿಂಬಿನ ಕೆಳಗಿನ ತಂಬಾಕು

ಜನವರಿ ೧೨, ಯಮಕನಮರಡಿ

ಬಾಳೇಶಣ್ಣನ ಹಾಸಿಗೆ ಜಾಡಿಸಿದೆ. ಇವತ್ತೂ ದಿಂಬಿನ ಕೆಳಗೆ ತಂಬಾಕಿನ ಚೀಟಿ, ಪುಟ್ಟ ಪೊಟ್ಟಣ. ಮುರಿದ ಕಾಲಿಗೆ ರಾಡ್ ಹಾಕಿ ತಿಂಗಳುಗಳೇ ಆದವು, ಎಲುಬು ಕೂಡಿಲ್ಲ. ನೋಡಲು ಬಂದವರು ಬಿಸ್ಕೀಟಿನ ಜೊತೆ ಇದನ್ನೂ ತರುತ್ತಾರೆ. ಮರ್ಯಾದೆಯಂತೆ. ಬೆಂಕಿ ಬೀಳಲಿ ಮರ್ಯಾದೆಗೆ!

"ಎಲಬಿಗೂ ತಂಬಾಕಿಗೂ ಏನ್ ಸಂಬಂಧ?" ಎಂದ ಅಣ್ಣ.

ಬೆಳಗಾವಿಯ ಲ್ಯಾಬಿನಲ್ಲಿ ಇಷ್ಟು ವರ್ಷ ನಾನು ಹುಡುಕುತ್ತಿರುವುದೇ ಅದನ್ನು.

ಜನವರಿ ೧೩

ಕೂತು ಹೇಳಿದೆ. ಎಲುಬಿನೊಳಗಿನ ಮಜ್ಜೆಯಲ್ಲಿ ಕಾಂಡಕೋಶಗಳಿವೆ — ಇನ್ನೂ ಏನೂ ಆಗಿರದ ಕೋಶಗಳು. ಎಲುಬು ಮುರಿದಾಗ ಸುತ್ತಲಿನ ಕೋಶಗಳು ಪ್ರೋಟೀನ್ ಬಿಟ್ಟು ಸಿಗ್ನಲ್ ಕಳಿಸುತ್ತವೆ: ಎಲುಬಾಗು. ತಂಬಾಕಿನ ನಿಕೋಟಿನ್ ಸೇರಿದರೆ ಸಿಗ್ನಲ್ ಮಂಕು. ಲ್ಯಾಬಿನಲ್ಲಿ ಈ ಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಬೆಳೆಸುತ್ತೇವೆ; ಎಲುಬು ಕಟ್ಟಿದ ತಟ್ಟೆ ಬಣ್ಣ ಹಾಕಿದಾಗ ಕೆಂಪಾಗುತ್ತದೆ. ನಿಕೋಟಿನ್ ಹಾಕಿದ್ದು ಬಿಳಚಿಕೊಂಡೇ ಇತ್ತು. ಫೋಟೋ ತೋರಿಸಿದೆ.

ಅವ್ವ ಇಣುಕಿ ನೋಡಿದಳು. "ಅದು ತಟ್ಟಿ. ಇಂವ ಮನಷ್ಯಾ."

ಜನವರಿ ೨೮

ನೋಡಲು ಈಗ ಯಾರೂ ಬರುತ್ತಿಲ್ಲ. ಚೀಟಿ ನಿಂತಿಲ್ಲ. ಇವತ್ತು ಕಣ್ಣಾರೆ ಕಂಡೆ — ಅವ್ವನೇ! ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ಕೊಡುತ್ತಿದ್ದಾಳೆ.

"ದಿನಾ ಗ್ವಾಡಿ ನೋಡ್ಕೊಂತ ಮಲಗತಾನ. ಇಷ್ಟರ ಸುಖಾ ಬ್ಯಾಡೇನ ನನ್ ಮಗಗ?"

ಕಿರುಚಾಡಿದೆ. ಊಟ ಬಿಟ್ಟೆ. ಯಾರಿಗೂ ಏನೂ ಅನ್ನಿಸಲಿಲ್ಲ.

ಫೆಬ್ರವರಿ ೧೯, ಗೋಕಾಕ

ಎಕ್ಸ್‌ರೇಯಲ್ಲಿ ಸೀಳು ಹಾಗೇ ಇದೆ. ಆಪರೇಷನ್ ಮಾಡಿ ಸೊಂಟದಿಂದ ಚೂರು ಎಲುಬು ತೆಗೆದು ಕಾಲಿಗೆ ತುಂಬಬೇಕು. ಇದೂ ಕೂಡದಿದ್ದರೆ ಅಣ್ಣ ಮತ್ತೆ ಟ್ರ್ಯಾಕ್ಟರ್ ಹತ್ತುವ ಮಾತಿಲ್ಲ.

ಡಾಕ್ಟರು ಕೇಳಿದರು, "ತಂಬಾಕ ತಿಂತಾನೇನ್ರಿ?"

"ಇಲ್ರಿ ಸಾಹೇಬ್ರ," ಎಂದಳು ಅವ್ವ.

ಬಾಯಿ ತಡೆಯಲಿಲ್ಲ. "ತಿಂತಾನ್ರಿ. ಈಕೀನ ಕೊಡತಾಳ್ರಿ."

ಬಸ್ಸಿನಲ್ಲಿ ಇಬ್ಬರೂ ನನಗೆ ಮುಖ ತಿರುಗಿಸಿ ಕೂತರು. ಕಾಲು ಕೆಡಿಸಿದ್ದು ನಾನೇ ಅನ್ನುವ ಹಾಗೆ.

ಮಾರ್ಚ್ ೪, ಆಸ್ಪತ್ರೆ, ಬೆಳಿಗ್ಗೆ

ಚೀಲ, ದಿಂಬು, ಹೊದಿಕೆ ಎಲ್ಲ ಹುಡುಕಿದೆ. ಏನೂ ಇಲ್ಲ. ಉಸಿರು ಬಿಟ್ಟೆ. ಆಮೇಲೆ ಸುಣ್ಣ ತಿಕ್ಕಿದ ತಂಬಾಕಿನ ವಾಸನೆ.

ಅವ್ವನ ಮುಷ್ಟಿ ಬಿಗಿಯಾಗಿತ್ತು. "ತಗಿ!" ಎಂದೆ. ವಾರ್ಡೆಲ್ಲ ತಿರುಗಿ ನೋಡಿತು.

"ಕಡೀದು, ಮಯೂರಿ... ಅಂವಗ ಅಂಜಿಕಿ ಬಂದೈತಿ." ಅಳುತ್ತಿದ್ದಳು. ಆದರೂ ಮುಷ್ಟಿ ಬಿಚ್ಚಿ ಕೈ ಅಣ್ಣನ ಕಡೆಗೇ ಚಾಚಿದಳು. ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಹೆತ್ತವಳಿಗೆ.

ಅಣ್ಣ ಆ ಅಂಗೈ ನೋಡುತ್ತಲೇ ಇದ್ದ. ನಂತರ ಅವ್ವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದ.

"ನಂಗ ಬ್ಯಾಡ ಅವ್ವಾ."

ಅಣ್ಣನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದಾರೆ. ಅವ್ವ ನನ್ನ ಬಾಜೂದಲ್ಲೇ ಕೂತಿದ್ದಾಳೆ, ಮುಷ್ಟಿ ಬಿಚ್ಚಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ. ಈ ಒಂದು ಮಾತು ಜನವರಿಯಲ್ಲೇ ಅಂದಿದ್ದರೆ ಅಣ್ಣಾ, ಈ ಹೊತ್ತಿಗೆ ನಿನ್ನ ಎಲುಬು—