ಕಿವಿಯಲ್ಲಿ ಹೇಳಬೇಕಾದ ಹೆಸರು

೧೨ ಮಾರ್ಚ್ ೧೯೮೬, ಬುಧವಾರ

ಬೆಳಿಗ್ಗೆ ಇವರಿಗೆ ಗಂಜಿ ಕುಡಿಸಿದೆ. ಅರ್ಧ ಹೊಟ್ಟೆಗೆ, ಅರ್ಧ ಟವೆಲಿಗೆ. ಬಲಗೈ ಬಿದ್ದದ್ದು ಬಿದ್ದೇ ಇದೆ. ಮಾತಿಲ್ಲ. ಕಣ್ಣು ಮಾತ್ರ ನನ್ನ ಹಿಂದೆಯೇ ಓಡಾಡುತ್ತದೆ, ಏನು ತಪ್ಪು ಮಾಡುತ್ತೇನೋ ಎಂದು ಕಾಯುವ ಹಾಗೆ.

ಆಮೇಲೆ ಆಸ್ಪತ್ರೆಗೆ, ಚೀಟಿ ಬದಲಿಸಲು. ಕೌಂಟರಿನಲ್ಲಿ ಹೊಸ ಹುಡುಗಿ. ಪೇಷಂಟ್ ಹೆಸರು? ಬೊಮ್ಮರಸು. ಅಪ್ಪನ ಹೆಸರು? ಬೊಮ್ಮರಸು. ಪೆನ್ನು ಕೆಳಗಿಟ್ಟಳು. "ಅಜ್ಜೀ, ಅವರ ಹೆಸರು ಆಯ್ತು. ಅವರ ಅಪ್ಪನ ಹೆಸರು ಕೇಳಿದ್ದು" ಎಂದಳು ತಮಿಳಿನಲ್ಲಿ. ಅದನ್ನೇ ಹೇಳಿದ್ದು, ಅವರಪ್ಪನೂ ಬೊಮ್ಮರಸು, ತಾತನೂ ಬೊಮ್ಮರಸು, ನಿನ್ನ ಕಾಗದ ತುಂಬುವವರೆಗೂ ಬೊಮ್ಮರಸುಗಳೇ ಎಂದೆ. ಕ್ಯೂನಲ್ಲಿದ್ದವರೆಲ್ಲ ನಕ್ಕರು. ಬಿ. ಬೊಮ್ಮರಸು ಎಂದು ಬರೆದುಕೊಂಡಳು.

ಅದು ಹೆಸರಲ್ಲ, ಪಟ್ಟ. ಧಾರಾಪುರಂ ಕಡೆ ಹನ್ನೆರಡು ಹಳ್ಳಿಗೆ ಪಾಳೆಯಗಾರರಾಗಿದ್ದ ಮನೆ. ಹಳ್ಳಿ ಹೋಯಿತು, ಅರಮನೆಯ ಬಾಗಿಲು ಮರದ ಡಿಪೋಗೆ ಹೋಯಿತು. ಹೆಸರು ಮಾತ್ರ ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿಗೂ ಬಂದು ಮಂಚ ಹಿಡಿದಿದೆ.

೧೪ ಮಾರ್ಚ್, ಶುಕ್ರವಾರ

ಚಿಕ್ಕವನು ರಂಗಸಾಮಿ ತಿರುಪ್ಪೂರಿಂದ ಬಂದಿದ್ದ. ಅಪ್ಪನ ಕಾಲು ಮುಟ್ಟಿದ, ಆಮೇಲೆ ಬ್ಯಾಗಿನಿಂದ ರಟ್ಟಿನ ಪೆಟ್ಟಿಯೊಂದನ್ನು ತೆಗೆದ. ಕಿರೀಟದ ಚಿತ್ರ, ಕೆಳಗೆ ಬೊಮ್ಮರಸು ಬನಿಯನ್. ಹೆಂಗಿದೆಮ್ಮ ಅಂದ. ಅಪ್ಪ ಉಸಿರಾಡ್ತಾ ಇದಾನೆ ಕಣೋ ಅಂದೆ. ಪೆಟ್ಟಿ ಒಳಗಿಟ್ಟ.

ದೊಡ್ಡವನು ನಂಜುಂಡನ್ ಶಿಫ್ಟಿನಿಂದ ಬಂದು ನೋಡಿ ನಕ್ಕ. "ನೀನೇ ಕಟ್ಕೋ ಪಟ್ಟ. ವರ್ಕ್‌ಶಾಪಲ್ಲಿ ನನ್ನ ಅರಸೂಂತ ಕರೆದ್ರೆ ಸ್ಪ್ಯಾನರ್ ಯಾರು ಹಿಡೀತಾರೆ?"

ಒಬ್ಬನಿಗೆ ಬೇಕು, ಒಬ್ಬನಿಗೆ ಬೇಡ. ಅಪ್ಪನಿಂದ ಅದನ್ನು ಬಿಡಿಸುವುದು ಹೇಗೆ ಎಂದು ಇಬ್ಬರಿಗೂ ಯೋಚನೆ ಇಲ್ಲ. ನನಗೆ ಇವರು ಮಲಗಿದ ದಿನದಿಂದ ಅದೇ ಯೋಚನೆ.

ಪಟ್ಟ ಕಟ್ಟಿದ ದಿನ ಹುಟ್ಟಿದ ಹೆಸರನ್ನು ಎತ್ತಿಡುತ್ತಾರೆ. ಆಮೇಲೆ ಯಾರೂ ಕರೆಯುವಂತಿಲ್ಲ. ಹೆತ್ತ ತಾಯಿಯೂ ಅರಸು ಎನ್ನಬೇಕು. ಕೊನೆಯ ಉಸಿರಿನ ಹೊತ್ತಿಗೆ ಮನೆಯ ಹೆಂಗಸೊಬ್ಬಳು ಆ ಹಳೆಯ ಹೆಸರನ್ನು ಕಿವಿಯಲ್ಲಿ ಹೇಳಬೇಕು. ಆಗ ಬೊಮ್ಮರಸು ಇಲ್ಲಿ ಉಳಿಯುತ್ತಾನೆ, ಮನುಷ್ಯ ಹೋಗುತ್ತಾನೆ. ಹೇಳದಿದ್ದರೆ ಹೋಗಲಾರ, ಇರಲಾರ. ಅತ್ತೆ ಹೀಗೆ ಹೇಳಿದ್ದರು.

ಇವರಿಗೆ ಪಟ್ಟ ಕಟ್ಟಿದ್ದು ನಾಲ್ಕನೇ ವಯಸ್ಸಿಗೆ, ಅಪ್ಪ ಬೇಗ ಸತ್ತರೆಂದು. ನಾನು ಬರುವಾಗ ಬರೀ ಅರಸು. ಹೊಸದರಲ್ಲಿ ಒಂದು ಸಲ ಕೇಳಿದ್ದೆ. "ನಂಗೂ ಜ್ಞಾಪಕ ಇಲ್ಲ ಕಣೆ" ಅಂದಿದ್ದರು. ಅತ್ತೆ ನನಗೆ ಹೇಳದೆ ಸತ್ತರು. ಗೊತ್ತಿರುವುದು ಈಗ ಒಬ್ಬರಿಗೆ, ಇವರ ಅಕ್ಕ ಚಿನ್ನತಾಯಿಗೆ. ನನಗೂ ಅವರಿಗೂ ಮಾತು ನಿಂತು ಎಷ್ಟು ವರ್ಷವಾಯಿತೋ.

ಹೋಗಲೇಬೇಕು.

೧೭ ಮಾರ್ಚ್, ಸೋಮವಾರ

ಧಾರಾಪುರಂಗೆ ಹೋಗಿ ಬಂದೆ. ಬೆನ್ನು ಮುರಿದಿದೆ.

ಚಿನ್ನತಾಯಿ ಸೊಂಟ ಮುರಿದುಕೊಂಡು ಮಲಗಿದ್ದಾರೆ, ನಾಲಿಗೆ ಮಾತ್ರ ನೆಟ್ಟಗಿದೆ. ಮಗ ಅಂಗಪ್ಪನ್ ಕಾಫಿ ಕೊಟ್ಟ. ಲೋಟ ಬಾಯಿಗಿಡುವ ಮೊದಲೇ ಶುರು.

"ಏನ್ ಜಾನಮ್ಮ, ದಾರಿ ತಪ್ಪಿ ಬಂದ್ಯಾ?"

"ಹೆಸರು ಹೇಳಿ ಅಕ್ಕ. ಅವ್ರ ಸ್ಥಿತಿ ಸರಿಯಿಲ್ಲ."

"ಉಸಿರು ಎಳೆಯೋಕೆ ಸುರುವಾದಾಗ ಕಾರ್ ಕಳ್ಸು. ಮಲಕ್ಕೊಂಡೇ ಬರ್ತೀನಿ. ನಾನೇ ಹೇಳ್ತೀನಿ."

"ನಿಮ್ಮ ಕಾರು ಪಲ್ಲಡಂ ದಾಟೋವರೆಗೆ ಉಸಿರು ನಿಂತ್ಕೊಂಡಿರ್ತದಾ?"

"ನನ್ನ ತಮ್ಮ ನಂಗೆ ಕಾಯ್ತಾನೆ. ಗಂಡನ ಹೆಸರು ಹೆಂಡ್ತಿ ಬಾಯಲ್ಲಿ ಬಂದ್ರೆ ಆಯುಸ್ಸು ಕಮ್ಮಿ ಆಗ್ತದೆ, ಗೊತ್ತಾ?"

"ಕಮ್ಮಿ ಆಗೋಕೆ ಇನ್ನೇನಿದೆ ಅಲ್ಲಿ?"

ಗೋಡೆಯ ಕಡೆ ತಿರುಗಿ ಮಲಗಿದರು. ನಾನೂ ಲೋಟ ಟಪ್ ಎಂದು ಇಟ್ಟು ಎದ್ದೆ. ಬೇಡಿಕೊಳ್ಳಬೇಕಿತ್ತೋ ಏನೋ. ಬರಲಿಲ್ಲ.

೧೮ ಮಾರ್ಚ್

ರಾತ್ರಿ ಉಸಿರು ಕೇಳುತ್ತಾ ಮಲಗಿದ್ದೆ. ಪ್ರತಿ ಉಸಿರಿಗೂ ಇದೇ ಕೊನೆಯದೇನೋ ಎನಿಸುತ್ತದೆ. ಗಂಜಿ ಕಾಲು ಲೋಟ.

ಬೆಳಿಗ್ಗೆ ಸೊಸೆ ವಳ್ಳಿಯಮ್ಮ ನನ್ನ ಮುಖ ನೋಡಿ, ಅತ್ತೆ ಈ ಪುಸ್ತಕದಲ್ಲಿ ನನ್ನನ್ನೇ ಬೈದು ಬರೀತಿದೀರಾ ಅಂದಳು. ಓದಿ ನೋಡ್ಕೋ ಎಂದು ಮುಂದೆ ಹಿಡಿದೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಅಕ್ಷರ ಒಬ್ಬರಿಗೂ ಬಾರದು. ಚಾಮರಾಜನಗರದಲ್ಲಿ ನಾನು ಓದಿದ ಮೂರನೇ ಕ್ಲಾಸು ಈ ಪುಸ್ತಕಕ್ಕೆ ಬೀಗ.

೨೬ ಮಾರ್ಚ್, ಬುಧವಾರ

ಬರೆಯಲು ಆಗಿರಲಿಲ್ಲ. ಮತ್ತೆ ಆಸ್ಪತ್ರೆ, ಮತ್ತೆ ಟ್ಯೂಬು. ಇಂದು ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಷ್ಟೇ ಅಂದದ್ದು. ಸಾಕಾಯಿತು.

ಗಂಜಿ ಇಳಿಯುತ್ತಿಲ್ಲ. ಹತ್ತಿಯಲ್ಲಿ ನೀರು.

ನಾಳೆ ಮತ್ತೆ ಧಾರಾಪುರಂ. ಈ ಸಲ ಕಾಲು ಹಿಡಿಯುತ್ತೇನೆ. ಮುದುಕಿ ಒದ್ದರೆ ಒದೆಯಲಿ.

೨೭ ಮಾರ್ಚ್, ಗುರುವಾರ, ಸಂಜೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಿಂಗಾನಲ್ಲೂರಿನಲ್ಲಿ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗ ಕಂಬಿಗೆ ಕೈ ಬಡಿದು ಬಳೆ ಒಡೆಯಿತು. ಉಳಿದದ್ದು ಚುಚ್ಚುತ್ತಿತ್ತು, ಬಿಚ್ಚಿ ಎಸೆದೆ. ಇಳಿದಾಗ ಕಣ್ಣೊಳಗೆಲ್ಲ ದೂಳು. ಅಮರಾವತಿ ಹೊಳೆಯ ಮೆಟ್ಟಿಲಿಳಿದು ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡು ಹೋದೆ.

ಬಾಗಿಲಲ್ಲಿ ನಿಂತೆ. ಚಿನ್ನತಾಯಿ ನನ್ನ ಹಣೆ ನೋಡಿದರು. ಕೈ ನೋಡಿದರು. ಆಮೇಲೆ ಆ ಕೂಗು...

ಎದೆ ಬಡಿದುಕೊಂಡು ತಮ್ಮನನ್ನು ಕರೆದರು. ಆ ಹೆಸರು ಹಿಡಿದು. ಒಂದು ಸಲ ಅಲ್ಲ. ಬಾ ಕಂದಾ ಎಂದು, ನಿನ್ನನ್ನ ತಿಪ್ಪೆಯಲ್ಲಿ ಹೊರಳಿಸಿ ಉಳಿಸಿಕೊಂಡೆವಲ್ಲೋ ಎಂದು, ಒಂದು ಮೊರ ತೌಡಿಗೆ ಮಾರಿ ತೌಡು ವಾಪಸ್ ಕೊಟ್ಟು ತಂದೆವಲ್ಲೋ ಎಂದು. ಬೀದಿಯೇ ಬಂದು ನಿಂತಿತು.

ಆಗ ಹಣೆ ಮುಟ್ಟಿಕೊಂಡೆ. ಕುಂಕುಮ ಇಲ್ಲ. ನದಿಗೆ ಹೋಗಿದೆ.

"ಅಕ್ಕ, ಇದಾರೆ. ಇನ್ನೂ ಇದಾರೆ" ಅಂದೆ.

ಕೂಗು ನಿಂತಿತು. ಅವರು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. "ಪಾಪಿ, ಬದುಕಿರೋನ್ಗೆ ನನ್ನ ಕೈಲಿ ಸಾವಿನ ಅಳು ಅಳಿಸಿಬಿಟ್ಯಲ್ಲೇ" ಅಂದರು. ಬೇಕೆಂದು ಮಾಡಲಿಲ್ಲ ಅಕ್ಕ ಎಂದು ಕಾಲು ಹಿಡಿದೆ. ಒದೆಯಲು ಅವರಿಗೆ ಸೊಂಟವಿಲ್ಲ. ಆಮೇಲೆ ಸೊಸೆಯನ್ನು ಕರೆದು ಇವಳ ಹಣೆಗೆ ಕುಂಕುಮ ಇಡು, ಕೈಗೆ ಬಳೆ ಹಾಕು ಎಂದರು. ನನ್ನ ಕಡೆ ನೋಡದೆ, "ಬಾಯಿಂದ ಬಿತ್ತು, ಇನ್ನು ಅದು ನಿಂದು. ಹೋಗು. ಅವಸರ ಪಡಬೇಡ" ಎಂದರು.

ಅರಸರ ಮನೆ. ಅಕ್ಕನ ನಂತರ ಹುಟ್ಟಿದ ಮೂರು ಕೂಸು ಸತ್ತಿದ್ದವಂತೆ. ಇದು ಯಮನ ಕಣ್ಣಿಗೆ ಬೀಳದಿರಲಿ ಎಂದು ಇಟ್ಟ ಹೆಸರು. ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು.

ಹೊತ್ತಲ್ಲದ ಹೊತ್ತಿನಲ್ಲಿ ಕೂಗಿ ಆಗಿದೆ. ಅಲ್ಲಿ ಕೂಗಿದ್ದು ಇಲ್ಲಿ ಇವರಿಗೆ ಕೇಳಿಬಿಟ್ಟರೆ? ದಾರಿಯುದ್ದಕ್ಕೂ ಅದೇ ಭಯ. ಬಂದು ನೋಡಿದರೆ ಉಸಿರಿದೆ.

೨೮ ಮಾರ್ಚ್, ಶುಕ್ರವಾರ

ಅಂಗಪ್ಪನ್ ಟ್ರಂಕ್ ಕಾಲ್ ಮಾಡಿ ರಂಗಸಾಮಿಗೆ ಎಲ್ಲ ಹೇಳಿದ್ದಾನೆ. ಓಡಿ ಬಂದ.

"ಅಮ್ಮ, ನೆಂಟ್ರೆಲ್ಲ ಬರ್ತಾರೆ. ಅರಸನ ಕಿವೀಲಿ ಅದನ್ನಾ ಹೇಳೋದು? ವೀರರಾಜ ಅಂತ ಹೇಳಿಬಿಡು. ಯಾರಿಗೆ ಗೊತ್ತಾಗ್ತದೆ?"

"ಸಾಯ್ತಿರೋದು ನಿಮ್ಮಪ್ಪ ಕಣೋ, ಬನಿಯನ್ ಪೆಟ್ಟಿ ಅಲ್ಲ."

ಸಿಟ್ಟು ಮಾಡಿಕೊಂಡು ಹೊರಗೆ ಹೋದ. ನಾನೂ ಬಾವಿಕಟ್ಟೆಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಒಂದು ಸಲ ಹೇಳಿ ನೋಡೋಣ ಎಂದುಕೊಂಡೆ. ಬಾಯಿ ತೆರೆಯಿತು. ಗಾಳಿ ಬಂತು. ಇಷ್ಟು ವರ್ಷ ಇಲ್ಲಿ ನೋಡಿ, ಕೇಳಿಸ್ತಾ, ಬನ್ನಿ ಊಟಕ್ಕೆ — ಇಷ್ಟರಲ್ಲೇ ಸಂಸಾರ ಮಾಡಿದ ನಾಲಿಗೆ.

ಮೊದಲೇ ಹೇಳಿದರೆ ನಾನೇ ಕಳಿಸಿದ ಹಾಗೆ. ತಡವಾದರೆ ಪೂರಾ ಹೋಯಿತು. ಯಾವ ಉಸಿರು ಕೊನೆಯದು ಎಂದು ಯಾವ ಡಾಕ್ಟರು ಹೇಳುತ್ತಾನೆ.

೩೦ ಮಾರ್ಚ್, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆಯಿಂದ ಉಸಿರು ಬದಲಾಗಿದೆ. ಎಳೆಯುತ್ತದೆ, ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ. ಚಿನ್ನತಾಯಿಗೆ ಕಾರು ಕಳಿಸಿದ್ದಾರೆ. ಬರುವುದಿಲ್ಲ ಹೊತ್ತಿಗೆ.

ರಂಗಸಾಮಿ ಬಾಗಿಲಲ್ಲಿ ನಿಂತು ವೀರರಾಜ, ವೀರರಾಜ ಎಂದು ನನಗೆ ಸನ್ನೆ ಮಾಡುತ್ತಿದ್ದ. ನಂಜುಂಡನ್ ಅವನ ಹೆಗಲು ಹಿಡಿದು, ನೆಂಟರನ್ನೂ ಎಬ್ಬಿಸಿ, "ಎಲ್ರೂ ಆಚೆ ಬನ್ನಿ. ಅಪ್ಪ ಅಮ್ಮ ಏನಾದ್ರೂ ಮಾತಾಡ್ಕೊಳ್ಳಲಿ" ಎಂದು ಬಾಗಿಲು ಮುಂದೆ ಮಾಡಿದ.

ಬಗ್ಗಿದೆ. ಕಿವಿಯ ಹತ್ತಿರ ಹೋದೆ. ಬರಲಿಲ್ಲ. ಕಣ್ಣು ನನ್ನನ್ನೇ ನೋಡುತ್ತಿದೆ. ಈ ಸಲ ತಪ್ಪು ಹುಡುಕುತ್ತಿಲ್ಲ.

ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ, ಎಡಗೈ ಅವರ ಕೈಯ ಮೇಲೆ. ನಾಲಿಗೆಗೆ ಬಾರದ್ದು ಕೈಗೆ ಬಂದರೆ ಆಮೇಲೆ ನಾಲಿಗೆಗೂ ಬಂದೀತು.

ತಿಪ್ಪ.

ಕಿರೀಟ ಇಲ್ಲ, ಇನಿಷಿಯಲ್ ಇಲ್ಲ. ಬರೀ ತಿಪ್ಪ. ನಾಲ್ಕು ವರ್ಷದ ಹುಡುಗ, ಮೈಯೆಲ್ಲ ಕಸ, ಆಟದ ಮಧ್ಯೆ ಕರೆದು ಪಟ್ಟಕ್ಕೆ ಕೂರಿಸಿಬಿಟ್ಟರು. ಅವನನ್ನು ಇಷ್ಟು ವರ್ಷ ಯಾರೂ ಕರೆದಿಲ್ಲ.

ಬರುತ್ತಿದೆ. ತುಟಿಗೆ ಬಂತು. ಗಾಬರಿಯಾಗಬಾರದು ಅವನಿಗೆ, ಮೆತ್ತಗೆ, ತಿಪ್ಪಾ, ಕತ್ತಲಾಯ್ತು, ಆಟ ಸಾಕು ಎಂದು